ಅಸ್ಸೀಸಿಯ 28 ಚಿತ್ರಗಳು: ಎಲ್ಲಿಂದ ಶುರು ಮಾಡಬೇಕು, ಗಿಲಾವನ್ನು ಹೇಗೆ ಓದಬೇಕು

ಅಸ್ಸೀಸಿಯಿಂದ ಬಂದು ಎರಡೇ ದಿನ ಆಗಿದೆ. ತಲೆಯಲ್ಲಿ ಇರುವಾಗಲೇ ಬರೆದಿಡುತ್ತಿದ್ದೇನೆ. ಮಧ್ಯಯುಗದ ಭಿತ್ತಿಚಿತ್ರ ಓದುತ್ತಿರುವವರಿಗೆ ನಾನು ಎಡವಿದ ಜಾಗ ಗೊತ್ತಿದ್ದರೆ ಒಂದು ಗಂಟೆ ಉಳಿಯುತ್ತದೆ.

ಊರು ಇಟಲಿಯ ಉಂಬ್ರಿಯಾದಲ್ಲಿ, ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿದೆ. ರೈಲು ನಿಲ್ದಾಣ ಮಾತ್ರ ಕೆಳಗೆ ಬಯಲಲ್ಲಿ. ಅಲ್ಲಿಂದ ಬಸ್ ಹತ್ತಬೇಕು. ಇದೇ ಊರಿನವರಾದ, ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಸಂಘ ಕಟ್ಟಿದ ಸಂತ ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ. 1228ರ ಜುಲೈ 16ಕ್ಕೆ ಪೋಪ್ ಒಂಬತ್ತನೇ ಗ್ರೆಗೊರಿ ಅವರನ್ನು ಸಂತ ಎಂದು ಘೋಷಿಸಿದರು, ಮರುದಿನವೇ ಅವರ ಹೆಸರಿನ ದೊಡ್ಡ ಚರ್ಚಿಗೆ, ಬಸಿಲಿಕಾಕ್ಕೆ, ಅಡಿಗಲ್ಲು ಬಿತ್ತು. ಒಂದರ ಮೇಲೊಂದು ಎರಡು ಚರ್ಚುಗಳು. ಕೆಳಗಿನದು ತಗ್ಗು ಚಾವಣಿಯದ್ದು, ಮಬ್ಬುಗತ್ತಲು. ಮೇಲಿನದು ಎತ್ತರ, ಬೆಳಕು ಜಾಸ್ತಿ. ಫ್ರಾನ್ಸಿಸ್ ಜೀವನದ 28 ಚಿತ್ರಗಳಿರುವುದು ಮೇಲಿನದರಲ್ಲಿ.

ಈಗ ನನ್ನ ತಪ್ಪು. ಬಾಗಿಲಿನಿಂದ ಒಳಗೆ ಹೋಗಿ, ಎಡಗಡೆ ಗೋಡೆಯ ಮೊದಲ ಚಿತ್ರದಿಂದ ನೋಡುತ್ತಾ ಹೋದೆ. ಕಥೆ ಕೂಡಲೇ ಇಲ್ಲ. ಫ್ರಾನ್ಸಿಸ್ ತಂದೆಗೆ ಬಟ್ಟೆ ಬಿಚ್ಚಿ ಕೊಡುವ ದೃಶ್ಯ ಬರುವ ಮೊದಲೇ ಸತ್ತು ಮಲಗಿದ್ದಾರೆ! ಸರಿಯಾದ ದಾರಿ ಹೀಗಿದೆ. ಬಾಗಿಲಿನಿಂದ ಆಲ್ಟರ್ (ಪೂಜೆಯ ವೇದಿಕೆ) ಕಡೆ ಮುಖ ಮಾಡಿ ನಿಂತರೆ, ಬಲಗಡೆ ಗೋಡೆಯ ಆ ತುದಿ, ಅಂದರೆ ಆಲ್ಟರ್ ಹತ್ತಿರದ ತುದಿ, ಒಂದನೇ ಚಿತ್ರ. ಅಲ್ಲಿಂದ ಬಾಗಿಲ ಕಡೆ ವಾಪಸ್ ನಡೆಯುತ್ತಾ 13. ಬಾಗಿಲಿನ ಎರಡು ಪಕ್ಕ 14 ಮತ್ತು 15. ಆ 15ನೆಯದೇ ಹಕ್ಕಿಗಳಿಗೆ ಉಪದೇಶ. ಆಮೇಲೆ ಎಡ ಗೋಡೆ ಹಿಡಿದು ಮತ್ತೆ ಆಲ್ಟರ್ ಕಡೆಗೆ 16ರಿಂದ 28. ಗೋಡೆಗೆ ಮುಖ ಮಾಡಿ ನಿಂತರೆ ಯಾವಾಗಲೂ ಎಡದಿಂದ ಬಲಕ್ಕೆ, ಪುಸ್ತಕದ ಸಾಲಿನ ಹಾಗೆ. ಇದೊಂದು ನೆನಪಿಟ್ಟುಕೊಂಡರೆ ಸಾಕು. ಮೊದಲು ನೇರ ಆಲ್ಟರ್ ತನಕ ಹೋಗಿ, ಬಲಕ್ಕೆ ತಿರುಗಿ ಶುರು ಮಾಡಿ.

ಇದು ಕಥೆಯ ಕ್ರಮ. ಕೆಲಸದ ಕ್ರಮ ಬೇರೆ, ಅದು ತಿಳಿಯುವುದು ಗಿಲಾವಿನಿಂದ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ.

ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಿಲಾವಿನ ಮೇಲೆ ನೀರಲ್ಲಿ ಕಲಸಿದ ಬಣ್ಣ. ಗಿಲಾವು ಒಣಗುವಾಗ ಸುಣ್ಣ ಗಾಳಿಯೊಂದಿಗೆ ಸೇರಿ ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಹಚ್ಚಿದರೆ ಹಾಗೆ ಹಿಡಿಯುವುದಿಲ್ಲ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಗಿಲಾವು ಬಳಿಯುತ್ತಿದ್ದರು. ಆ ತುಂಡಿಗೆ ಜೊರ್ನಾತಾ ಎಂದು ಹೆಸರು, ಅಂದರೆ ಒಂದು ದಿನದ ಕೆಲಸ. ಒಂದು ಮುಖಕ್ಕೇ ಒಂದು ಜೊರ್ನಾತಾ ಆಗಬಹುದು, ಬರೀ ಆಕಾಶವಾದರೆ ದೊಡ್ಡ ತುಂಡೇ ಒಂದು.

ಯಾವ ತುಂಡು ಮೊದಲು? ಎರಡು ತುಂಡು ಸೇರುವ ಗೆರೆ ನೋಡಿ. ನಿನ್ನೆಯ ತುಂಡು ಗಟ್ಟಿಯಾಗಿದೆ. ಇವತ್ತಿನ ಹಸಿ ಗಿಲಾವು ಅದರ ಅಂಚಿನ ಮೇಲೆ ಸ್ವಲ್ಪ ಹತ್ತಿಕೊಳ್ಳುತ್ತದೆ. ಹಾಗಾಗಿ ಅಂಚು ಮೇಲೆ ಇರುವುದು ಹೊಸದು, ಅಡಿಗೆ ಹೋಗಿರುವುದು ಹಳೆಯದು. ನಾನು ಉಲ್ಟಾ ಹಿಡಿದಿದ್ದೆ: ಉಬ್ಬಿ ಕಾಣುವುದು ಮೊದಲಿನದು ಅಂತ. ಗೋಡೆಯ ಮೇಲೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಕಾಗದ ಅಂಟಿಸಿದ್ದನ್ನು ನೆನೆಸಿಕೊಳ್ಳಿ. ಪೂರ್ತಿ ಅಂಚು ಕಾಣುವ ಕಾಗದವೇ ಕೊನೆಗೆ ಅಂಟಿಸಿದ್ದು, ಅಲ್ವಾ? ಕೆಲಸ ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಮುಗಿದ ಚಿತ್ರದ ಮೇಲೆ ಬಣ್ಣ ತೊಟ್ಟಿಕ್ಕಬಾರದಲ್ಲ.

ಹೀಗೆ ಓದಿದವರು ಕಂಡುಕೊಂಡದ್ದು ಏನು ಗೊತ್ತಾ? ಕಥೆಯ ಒಂದನೇ ಚಿತ್ರವನ್ನೇ ಕೊನೆಗೆ ಬರೆದದ್ದು. ಕಥೆಯ ಕೊನೆಯ ಮೂರು ಚಿತ್ರಗಳನ್ನು ಬರೆದ ಕೈಯೇ ಇದರಲ್ಲೂ ಕಾಣುತ್ತದೆ ಎನ್ನುತ್ತಾರೆ. ಇಡೀ ಸಾಲು ಆ ಕಾಲದ ಹೆಸರಾಂತ ಇಟಾಲಿಯನ್ ಚಿತ್ರಕಾರ ಜೊತ್ತೊನದೇ ಎಂಬ ಹಳೆಯ ಮಾತನ್ನು ವಿದ್ವಾಂಸರು ಇವತ್ತಿಗೂ ಚರ್ಚಿಸುತ್ತಿದ್ದಾರೆ.

ಆಲ್ಟರ್ ಪಕ್ಕದಲ್ಲೇ ಚಿಮಬೂಯೆ ಎಂಬ ಚಿತ್ರಕಾರ ಬರೆದ, ಯೇಸುವನ್ನು ಶಿಲುಬೆಗೇರಿಸಿದ ದೃಶ್ಯ ಇದೆ. ಫೋಟೊದ ನೆಗೆಟಿವ್ ಹಾಗೆ ಕಾಣುತ್ತದೆ. ಬೆಳಕು ಇರಬೇಕಾದ ಕಡೆ ಕಪ್ಪು. ಸೀಸದ ಬಿಳಿ ಬಣ್ಣ ಕಾಲಕ್ರಮದಲ್ಲಿ ಕಪ್ಪಾಗಿದೆ. ಆದರೂ ಕೈ ಎತ್ತಿ ಕೂಗುತ್ತಿರುವ ಹೆಂಗಸಿನ ಮುಂದೆ ನನಗೆ ಕಾಲು ಕೀಳಲು ಆಗಲಿಲ್ಲ. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಇದೇ ಚರ್ಚಿನ ಚಾವಣಿ ಕುಸಿದು ನಾಲ್ವರು ಸತ್ತರು, ಚಿಮಬೂಯೆ ಬರೆದ ಸಂತ ಮತ್ತಾಯನ ಚಿತ್ರ ಚೂರುಚೂರಾಯಿತು.

ಕೆಳಗಿನ ಚರ್ಚಿನಲ್ಲಿ ಸಿಮೊನೆ ಮಾರ್ತೀನಿ, ಪಿಯೆತ್ರೊ ಲೊರೆಂಜೆತ್ತಿ ಎಂಬ ಚಿತ್ರಕಾರರ ಚಿತ್ರಗಳಿವೆ. ಅವರಿಗೆ ಬೇರೆ ಟಿಪ್ಪಣಿಯೇ ಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ. ಪುಸ್ತಕ, ಪೆನ್ಸಿಲ್ ಮತ್ತು ಚಿಕ್ಕ ಬೈನಾಕ್ಯುಲರ್ ಇರಲಿ.

ಒಂದನೇ ಚಿತ್ರ ನೋಡಿದ ಮೇಲೆ ಊರಿನ ನಡುವಿನ ಚೌಕಕ್ಕೆ, ಪಿಯಾತ್ಸಾ ದೆಲ್ ಕೊಮೂನೆಗೆ ಹೋಗಿ. ಚಿತ್ರದಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಫ್ರಾನ್ಸಿಸ್ ಕಾಲ ಕೆಳಗೆ ಬಟ್ಟೆ ಹಾಸುತ್ತಾನೆ. ಹಿಂದೆ ಇರುವುದು ಈ ಚೌಕದ ರೋಮನ್ ಕಾಲದ ಮಿನರ್ವಾ ಗುಡಿ. ಚಿತ್ರದಲ್ಲಿ ಕಂಬ ಐದು, ಸಪೂರ, ನಡುವಿನದು ಸರಿಯಾಗಿ ಮಧ್ಯಕ್ಕೆ. ಚೌಕದಲ್ಲಿ ನಿಂತು ಎಣಿಸಿದೆ: ಆರು, ದಪ್ಪ ದಪ್ಪ. ಚಿತ್ರಕಾರ ಕೆಲಸ ಮಾಡುತ್ತಿದ್ದ ಜಾಗದಿಂದ ಇಲ್ಲಿಗೆ ನಡೆದು ಬರುವಷ್ಟೇ ದೂರ. ಆದರೂ ಐದೇ ಬರೆದ. ಎರಡನ್ನೂ ಪಕ್ಕಪಕ್ಕ ಬರೆದುಕೊಂಡು ಬಂದಿದ್ದೇನೆ, ಇನ್ನೂ ನೋಡುತ್ತಲೇ ಇದ್ದೇನೆ.