ತಂಡದ ಚೆಸ್‌ನಲ್ಲಿ ಡ್ರಾಕ್ಕೆ ಎಷ್ಟು ಬೆಲೆ?

ಒಬ್ಬರೇ ಆಡುವ ಟೂರ್ನಿಯಲ್ಲಿ ಡ್ರಾ ಅಂದರೆ ಅರ್ಧ ಅಂಕ, ಅಷ್ಟೇ. ತಂಡದ ಪಂದ್ಯದಲ್ಲಿ ಆ ಅರ್ಧದ ಬೆಲೆಯನ್ನು ಪಕ್ಕದ ಬೋರ್ಡ್‌ಗಳು ಹೇಳುತ್ತವೆ. ಇದು ನನ್ನ ತಲೆಗೆ ಹೋಗಿದ್ದು 2024ರ ಬುಡಾಪೆಸ್ಟ್ ಚೆಸ್ ಒಲಿಂಪಿಯಾಡ್‌ನ ಮಹಿಳಾ ವಿಭಾಗ ನೋಡಿದ ಮೇಲೆ.

ಮೊದಲು ಲೆಕ್ಕ. ಪ್ರತಿ ಸುತ್ತಿನಲ್ಲೂ ನಾಲ್ಕು ಬೋರ್ಡ್. ಅವುಗಳಲ್ಲಿ ಎರಡೂವರೆ ಅಂಕ ಮುಟ್ಟಿದ ತಂಡಕ್ಕೆ 2 ಪಾಯಿಂಟ್, 2-2 ಆದರೆ ತಲಾ 1. 4-0 ಗೆದ್ದರೂ 2.5-1.5 ಗೆದ್ದರೂ ಅದೇ 2.

ಭಾರತದವರು ಮೊದಲ ಏಳೂ ಸುತ್ತು ಗೆದ್ದರು. ಎಂಟರಲ್ಲಿ ಪೋಲೆಂಡ್‌ಗೆ ಸೋಲು, ಒಂಬತ್ತರಲ್ಲಿ ಅಮೆರಿಕದ ಜೊತೆ 2-2. ಹತ್ತರಲ್ಲಿ ಎದುರಿಗೆ ಚೀನಾ. ಹಾರಿಕಾ, ವೈಶಾಲಿ, ವಂತಿಕಾ ಮೂವರೂ ಡ್ರಾ. ಮೂರನೇ ಬೋರ್ಡ್‌ನಲ್ಲಿ ದಿವ್ಯಾ ದೇಶಮುಖ್ ನಿ ಶಿಚುನ್ ಅವರನ್ನು ಸೋಲಿಸಿದರು. ಒಟ್ಟು 2.5-1.5. ಪೇಪರಿನಲ್ಲಿ ದಿವ್ಯಾ ಹೆಸರು ದೊಡ್ಡದಾಗಿ ಬರುತ್ತದೆ, ಸರಿಯೇ. ಆದರೆ ಆ ಮೂರರಲ್ಲಿ ಒಂದು ಸೋಲಾಗಿದ್ದರೂ ಪಂದ್ಯ 2-2 ಆಗುತ್ತಿತ್ತು, ಅಲ್ವಾ?

ಈಗ ನೀವೇ ಕೊನೆಯ ಬೋರ್ಡ್‌ನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ತಂಡ 2-1ರಲ್ಲಿ ಮುಂದಿದ್ದರೆ ಡ್ರಾ ಸಾಕು, ಗೆದ್ದ ಹಾಗೆಯೇ. 1.5-1.5 ಇದ್ದರೆ ಡ್ರಾದಿಂದ ಪಂದ್ಯ ಸಮ. 1-2ರಲ್ಲಿ ಹಿಂದಿದ್ದರೆ ಡ್ರಾಕ್ಕೆ ಒಪ್ಪುವುದೂ ಸೋಲುವುದೂ ತಂಡದ ಪಾಯಿಂಟ್‌ಗೆ ಒಂದೇ. ಆಗ ಸ್ವಲ್ಪ ಕೆಟ್ಟ ಸ್ಥಿತಿಯಲ್ಲೂ ಮಂತ್ರಿಗಳನ್ನು ಬೋರ್ಡ್ ಮೇಲೆ ಉಳಿಸಿಕೊಂಡು ಗೊಂದಲ ಎಬ್ಬಿಸಬೇಕು. ಸುಮ್ನೆ ಕಾಯಿ ಹೊಡೆದಾಡಿ ಖಾಲಿ ಮಾಡಬಾರದು.

ಡ್ರಾ ಕೇಳು, ಒಪ್ಪಿಕೋ ಎಂದು ಕ್ಯಾಪ್ಟನ್ ಹೇಳಬಹುದು. ಆದರೆ ನಿಮ್ಮ ಸ್ಥಿತಿ ಹೇಗಿದೆ ಎಂದು ಒಂದು ಮಾತೂ ಆಡುವಂತಿಲ್ಲ. ಅದನ್ನು ತೂಗಬೇಕಾದವರು ನೀವೇ.

ಕೊನೆಯ ಸುತ್ತಿಗೆ ಭಾರತವೂ ಕಜಕಿಸ್ತಾನವೂ 17 ಪಾಯಿಂಟ್‌ನಲ್ಲಿ ಸಮ. ಅಮೆರಿಕ ಕಜಕಿಸ್ತಾನವನ್ನು 2-2ರಲ್ಲಿ ನಿಲ್ಲಿಸಿತು. ಭಾರತ ಅಜರ್‌ಬೈಜಾನ್ ಮೇಲೆ 3.5-0.5 ಗೆದ್ದು 19ಕ್ಕೆ ಏರಿತು. ಚಿನ್ನಕ್ಕೂ ಬೆಳ್ಳಿಗೂ ಅಂತರ ಒಂದೇ ಪಾಯಿಂಟ್.

ಇನ್ನೊಂದು, ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಅದೇ ಸ್ಥಿತಿ ನಿಮ್ಮ ನಡೆಯಿಂದ ಮೂರನೇ ಸಲ ಬರುವುದಿದ್ದರೆ ಡ್ರಾ ಕೇಳಬಹುದು, ಆದರೆ ಕಾಯಿ ಮುಟ್ಟಬೇಡಿ. ನಡೆಯನ್ನು ಹಾಳೆಯಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರ್‌ನ, ಅಂದರೆ ತೀರ್ಪುಗಾರರನ್ನು, ಕರೆಯಿರಿ. ನಾನು ಖುಷಿಯಲ್ಲಿ ಕುದುರೆ ನಡೆಸಿ, ಗಡಿಯಾರ ಒತ್ತಿ, ಆಮೇಲೆ ಕೈ ಎತ್ತಿದೆ. ಅಷ್ಟರಲ್ಲಿ ಕೇಳುವ ಹಕ್ಕು ಎದುರಾಳಿಗೆ ಹೋಗಿತ್ತು. ಅವನು ಕೇಳಲಿಲ್ಲ.