ಮುಂಜಾನೆ ಮೈಸೂರಿಗೆ ಇಳಿದರೆ ಲಾಡ್ಜಿಗೆ ಎಷ್ಟು ದಿನದ ಬಾಡಿಗೆ?

ಓದುಗರ ಪ್ರಶ್ನೆ: ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಹೊರಟು ಶನಿವಾರ ಮುಂಜಾನೆ ಮೈಸೂರಿಗೆ ಇಳಿಯುತ್ತೇವೆ. ಭಾನುವಾರ ರಾತ್ರಿ ವಾಪಸ್ ರೈಲು. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆ. ಮಲಗುವುದು ಒಂದೇ ರಾತ್ರಿ. ಆದರೆ ಫೋನ್ ಮಾಡಿದ ಲಾಡ್ಜಿನವರು ‘ಚೆಕ್‌ಇನ್ ಮಧ್ಯಾಹ್ನ 12ಕ್ಕೆ, ಬೆಳಿಗ್ಗೆಯೇ ಬಂದರೆ ಇನ್ನೊಂದು ದಿನದ ಬಾಡಿಗೆ ಆಗುತ್ತೆ’ ಅನ್ನುತ್ತಾರೆ. ಒಂದು ರಾತ್ರಿಗೆ ಎರಡು ದಿನದ ದುಡ್ಡು ಕೊಡಬೇಕಾ?

ಉತ್ತರ: ಬೇಕಾಗಿಲ್ಲ. ಆದರೆ ಮುಂದಿನ ಲಾಡ್ಜಿಗೆ ಫೋನ್ ಮಾಡಿದಾಗ ‘ರೂಮ್ ಎಷ್ಟು?’ ಅಂತ ಶುರು ಮಾಡಬೇಡಿ. ‘ನಿಮ್ಮಲ್ಲಿ 24 ಗಂಟೆಯಾ, 12ಕ್ಕೆ ಚೆಕ್‌ಔಟಾ?’ ಅಂತ ಕೇಳಿ. ಅಗ್ಗದ ರೂಮು ನಿಜವಾಗಿ ಅಗ್ಗವೋ ಅಲ್ಲವೋ ತಿಳಿಯುವುದು ಈ ಉತ್ತರದಿಂದ.

ನಮ್ಮ ಲಾಡ್ಜ್‌ಗಳಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ನೀವು ರಿಜಿಸ್ಟರಿಗೆ ಸಹಿ ಹಾಕಿದ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ದಿನ. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಸುತ್ತಲಿನ ಹಳೆಯ ಲಾಡ್ಜ್‌ಗಳ ಬೋರ್ಡಿನಲ್ಲಿ ‘24 ಗಂಟೆ ಚೆಕ್‌ಔಟ್’ ಎಂದು ಬರೆದಿರುತ್ತದಲ್ಲ, ಅದು ಇದೇ. ಹೊತ್ತಲ್ಲದ ಹೊತ್ತಿನಲ್ಲಿ ಗಿರಾಕಿ ಬರುವ ಜಾಗಕ್ಕೆ ಹೊಂದುವ ಲೆಕ್ಕ. ಇನ್ನೊಂದರಲ್ಲಿ ನೀವು ಎಷ್ಟು ಹೊತ್ತಿಗೇ ಬನ್ನಿ, ದಿನ ಶುರುವಾಗುವುದು ಮಧ್ಯಾಹ್ನ 12ಕ್ಕೆ, ಮುಗಿಯುವುದು ಮರುದಿನ 11ಕ್ಕೋ 12ಕ್ಕೋ. ಇದರಲ್ಲಿ ಹೋಟೆಲಿನವರಿಗೆ ಅನುಕೂಲ ಜಾಸ್ತಿ. ಎಲ್ಲ ರೂಮುಗಳೂ ಒಟ್ಟಿಗೆ ಖಾಲಿಯಾದರೆ ಇರುವ ಒಬ್ಬಿಬ್ಬರು ಹುಡುಗರು ಗುಡಿಸಿ, ಒರೆಸಿ, ಬೆಡ್‌ಶೀಟ್ ಬದಲಿಸಿ ಮುಗಿಸುತ್ತಾರೆ. ನಿಮಗೆ ಫೋನಿನಲ್ಲಿ ಸಿಕ್ಕವರು ಈ ಎರಡನೆಯ ಗುಂಪಿನವರು. ಅವರು ಮೋಸ ಮಾಡುತ್ತಿಲ್ಲ. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಮಧ್ಯಾಹ್ನದವರೆಗಿನ ಬಾಡಿಗೆಯಲ್ಲಿ ಕೊನೆಯ ಐದಾರು ಗಂಟೆಯನ್ನಷ್ಟೇ ನಿಮಗೆ ಮಾರುತ್ತಿದ್ದಾರೆ, ಪೂರ್ತಿ ರೇಟಿಗೆ.

ಹಾಗಾದರೆ 24 ಗಂಟೆಯ ಲಾಡ್ಜ್ ಹಿಡಿದುಬಿಟ್ಟರೆ ಆಯಿತಾ? ಅಷ್ಟು ಸುಲಭವಿಲ್ಲ. ಶನಿವಾರ ಬೆಳಿಗ್ಗೆ ಆರೂವರೆಗೆ ರೂಮ್ ತೆಗೆದುಕೊಂಡರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಖಾಲಿ ಮಾಡಬೇಕು. ರಜೆಗೆ ಬಂದ ಮಕ್ಕಳನ್ನು ಐದು ಗಂಟೆಗೆ ಎಬ್ಬಿಸಿ, ಐದು ಜನರ ಸ್ನಾನ ಮುಗಿಸಿ ಹೊರಬೀಳುವುದೆಂದರೆ ಮದುವೆ ದಿಬ್ಬಣ ಹೊರಡಿಸಿದ ಹಾಗೆ. ಒಂದು ಗಂಟೆ ಹೆಚ್ಚುಕಮ್ಮಿಯಾದರೆ ಹೆಚ್ಚಿನವರು ಸುಮ್ಮನಿರುತ್ತಾರೆ. ಅದಕ್ಕಿಂತ ತಡವಾದರೆ ಅರ್ಧ ದಿನದ ಬಾಡಿಗೆ ಕೇಳುತ್ತಾರೆ, ಕೆಲವರು ಪೂರ್ತಿ ದಿನದ್ದನ್ನೇ ಕೇಳುತ್ತಾರೆ.

ಆದ್ದರಿಂದ ನಾನು ಹೇಳುವುದಿಷ್ಟು: 24 ಗಂಟೆಯ ಲಾಡ್ಜನ್ನೇ ಹಿಡಿಯಿರಿ, ಆದರೆ ಅತ್ತೆಯವರಿಗೆ ತಡೆಯುವಂತಿದ್ದರೆ ರಿಜಿಸ್ಟರಿಗೆ ಸಹಿ ಹಾಕುವುದನ್ನು ಮಧ್ಯಾಹ್ನಕ್ಕೆ ತಳ್ಳಿ. ಬೆಳಿಗ್ಗೆ ಬ್ಯಾಗುಗಳನ್ನು ಲಾಡ್ಜಿನ ಕೌಂಟರಿನಲ್ಲಿ ಇಡಿ. ಮೊದಲೇ ಫೋನ್ ಮಾಡಿ ಅಡ್ವಾನ್ಸ್ ಕಳಿಸಿದ್ದರೆ ಬೇಡ ಅನ್ನುವವರು ಕಡಿಮೆ. ಇಲ್ಲವಾದರೆ ರೈಲು ನಿಲ್ದಾಣದ ಕ್ಲೋಕ್‌ರೂಮ್ ಇದೆ. ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಬೇಕು, ಜಿಪ್ಪಿಗೆ ಪಿನ್ನು ಚುಚ್ಚಿ ತಂದರೆ ತೆಗೆದುಕೊಳ್ಳುವುದಿಲ್ಲ. ಮುಖ ತೊಳೆದು ತಿಂಡಿ ತಿಂದು ದೇವರಾಜ ಮಾರುಕಟ್ಟೆ ನೋಡುವಷ್ಟರಲ್ಲಿ ಅರಮನೆ ಬಾಗಿಲು ತೆರೆಯುವ ಹತ್ತು ಗಂಟೆ ಆಗಿರುತ್ತದೆ. ಅರಮನೆ ನೋಡಿ, ಊಟ ಮಾಡಿ, ಒಂದು ಗಂಟೆಗೆ ರೂಮಿಗೆ ಬಂದರೆ ಭಾನುವಾರ ಒಂದು ಗಂಟೆಯವರೆಗೂ ರೂಮ್ ನಿಮ್ಮದು. ಆಮೇಲೆ ಬ್ಯಾಗನ್ನು ಮತ್ತೆ ಕೌಂಟರಿಗೆ ಒಪ್ಪಿಸಿ ಮೃಗಾಲಯಕ್ಕೆ ಹೋಗಿ (ಅದಕ್ಕೆ ರಜೆ ಮಂಗಳವಾರ). ಭಾನುವಾರ ಸಂಜೆ ಏಳರ ಹೊತ್ತಿಗೆ ಅರಮನೆಯ ದೀಪ ಬೆಳಗುತ್ತವೆ. ಅದನ್ನು ನೋಡಿಕೊಂಡು ಬ್ಯಾಗ್ ಎತ್ತಿಕೊಂಡು ಸ್ಟೇಷನ್ನಿಗೆ ಹೋದರಾಯಿತು. ಒಂದೇ ದಿನದ ಬಾಡಿಗೆ.

ರಾತ್ರಿಯೆಲ್ಲ ಸ್ಲೀಪರ್ ಬೋಗಿಯಲ್ಲಿ ಕೂತು ಬಂದ ವಯಸ್ಸಾದವರಿಗೆ ಬೆಳಿಗ್ಗೆಯೇ ಹಾಸಿಗೆ ಬೇಕು ಅನ್ನಿಸಿದರೆ ಈ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ. ಆರೂವರೆಗೇ ರೂಮ್ ಹಿಡಿದು, ಭಾನುವಾರ ಅರ್ಧ ದಿನದ ಬಾಡಿಗೆ ಹೆಚ್ಚು ಕೊಟ್ಟುಬಿಡಿ. ‘ಎಕ್ಸ್ಟ್ರಾ ಎಷ್ಟಾಗುತ್ತೆ?’ ಅಂತ ಬಂದ ದಿನವೇ ಮಾತಾಡಿಕೊಂಡಿರಬೇಕು, ಖಾಲಿ ಮಾಡುವಾಗ ಕೇಳಿದರೆ ಅವರು ಹೇಳಿದ್ದೇ ರೇಟು. ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆಯ ರಿಟೈರಿಂಗ್ ರೂಮುಗಳೂ ಇರುತ್ತವೆ, ಪಿಎನ್‌ಆರ್ ಇದ್ದವರು ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು. ಒಬ್ಬರಿಗೆ, ಇಬ್ಬರಿಗೆ ಒಳ್ಳೆಯದು. ಐದು ಜನಕ್ಕೆ ಆಗದು.

ಇನ್ನು ಕೌಂಟರಿನ ಮುಂದೆ ನಿಂತಾಗ ಒಂದು ವಿಷಯ ಗಮನಿಸಿ. ರಿಜಿಸ್ಟರಿನಲ್ಲಿ ಹೆಸರು, ಊರು, ಎಲ್ಲಿಂದ ಬಂದಿರಿ, ಎಷ್ಟು ಜನ ಅನ್ನುವುದರ ಜೊತೆ ಬಂದ ಸಮಯಕ್ಕೂ ಒಂದು ಕಾಲಂ ಇರುತ್ತದೆ. ನಾವು ಪೆನ್ನು ಹಿಡಿದು ವಿಳಾಸ ಬರೆಯುವುದರಲ್ಲೇ ಮುಳುಗಿರುತ್ತೇವೆ, ಆ ಕಾಲಂ ತುಂಬುವವನು ಆಚೆ ಕೂತಿರುವವನು. 1.25ಕ್ಕೆ ಬಂದವರಿಗೆ 12.30 ಅಂತ ಬಿದ್ದಿದ್ದರೆ ಮರುದಿನ ವಾದ ಮಾಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಅಡ್ವಾನ್ಸ್ ರಸೀದಿಯಲ್ಲೂ ಸಮಯ ಬರೆಸಿಕೊಳ್ಳಿ. ಕೀ ಹಿಡಿಯುವ ಮುಂಚೆ ರೂಮ್ ನೋಡಿ ಬರುವುದಕ್ಕೆ ಸಂಕೋಚ ಬೇಡ. ನನಗೆ ಟಿವಿ ಇದೆಯೋ ಇಲ್ಲವೋ ಮುಖ್ಯವಲ್ಲ. ಬಾತ್‌ರೂಮಿನ ಚಿಲಕ ಬೀಳುತ್ತದಾ, ನೀರು ಕಟ್ಟಿ ನಿಲ್ಲುತ್ತದಾ, ಹಾಸಿಗೆಯ ಮೂಲೆ ಎತ್ತಿದರೆ ಹೊಲಿಗೆಯಲ್ಲಿ ತಿಗಣೆಯ ಕಪ್ಪು ಚುಕ್ಕೆಗಳಿವೆಯಾ, ಇಷ್ಟು ನೋಡುತ್ತೇನೆ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಅಂತಲೂ ಕೇಳಿ. ಎಷ್ಟೋ ಕಡೆ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಬಿಡುತ್ತಾರೆ, ಐದು ಜನರಿಗೆ ಅದು ಸಾಲಬೇಕಲ್ಲ.

ಆ್ಯಪಿನಲ್ಲಿ ಬುಕ್ ಮಾಡುವವರಿಗೆ ಒಂದು ಮಾತು. ಆ್ಯಪುಗಳು ಸಾಮಾನ್ಯವಾಗಿ ತಾರೀಖಿನ ಲೆಕ್ಕದಲ್ಲಿ ರೂಮ್ ಮಾರುತ್ತವೆ, ಗಂಟೆಯ ಲೆಕ್ಕದಲ್ಲಿ ಅಲ್ಲ. ಹಾಗಾಗಿ ಫೋನಿನಲ್ಲಿ ‘24 ಗಂಟೆ’ ಅನ್ನುವ ಲಾಡ್ಜೇ ಆ್ಯಪಿನಲ್ಲಿ ‘ಚೆಕ್‌ಇನ್ 12’ ಆಗಿಬಿಡಬಹುದು. ಆ್ಯಪಿನ ರೇಟು ನೂರು ರೂಪಾಯಿ ಕಡಿಮೆ ಇದ್ದರೂ ಬೆಳಿಗ್ಗೆ ಬರುವವರಿಗೆ ಅದು ಲಾಭವಲ್ಲ. ನೇರ ಫೋನ್ ಮಾಡುವುದೇ ವಾಸಿ.

ಬಾಡಿಗೆಯ ಮೇಲಿನ ಜಿಎಸ್‌ಟಿ ಬಗ್ಗೆಯೂ ಹಲವರಿಗೆ ಗೊಂದಲ. 2022ರ ಜುಲೈ 18ಕ್ಕೆ ಮೊದಲು ದಿನಕ್ಕೆ 1,000 ರೂಪಾಯಿವರೆಗಿನ ರೂಮಿಗೆ ತೆರಿಗೆ ಇರಲಿಲ್ಲ, ಆಮೇಲೆ ಶೇ 12 ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಶೇ 5. ಅಂದರೆ 1,200ರ ರೂಮಿಗೆ 1,260. ಯಾರಾದರೂ ಈಗಲೂ ಶೇ 12 ಹಾಕಿದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತೋರಿಸಿ ಅನ್ನಿ, ಮಾತು ಅಲ್ಲಿಗೇ ಮುಗಿಯುತ್ತದೆ.

ಅತ್ತೆಯವರ ಗುರುತಿನ ಚೀಟಿ ಮರೆಯಬೇಡಿ, ಉಳಿದುಕೊಳ್ಳುವ ದೊಡ್ಡವರೆಲ್ಲರದ್ದೂ ಕೇಳುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ಹೆಚ್ಚಿನ ಕಡೆ ನಡೆಯುವುದಿಲ್ಲ. ಆಧಾರ್ ಜೆರಾಕ್ಸ್ ಕೊಡಲು ಅಳುಕಿದ್ದರೆ ಯುಐಡಿಎಐ ವೆಬ್‌ಸೈಟಿನಿಂದ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಅದರ ಮೇಲೆ ಅಡ್ಡಡ್ಡ ತಾರೀಖು ಬರೆದು ‘ಲಾಡ್ಜ್ ವಾಸ್ತವ್ಯಕ್ಕೆ ಮಾತ್ರ’ ಅಂತ ಹಾಕಿ ಕೊಡಿ.

ಜಾಗದ ವಿಷಯಕ್ಕೆ ಬಂದರೆ, ನಿಮ್ಮ ಎರಡು ದಿನಕ್ಕೆ ಧನ್ವಂತರಿ ರಸ್ತೆ, ಗಾಂಧಿ ಚೌಕ, ಸಯ್ಯಾಜಿರಾವ್ ರಸ್ತೆಯ ಆಸುಪಾಸು ಸಾಕು. ಸ್ಟೇಷನ್ನೂ ಅರಮನೆಯೂ ನಡೆದು ಹೋಗುವಷ್ಟು ಹತ್ತಿರ. ಗದ್ದಲ ಇದ್ದೇ ಇರುತ್ತದೆ, ರಸ್ತೆ ಕಡೆಯ ರೂಮ್ ಬೇಡ ಅನ್ನಿ. ಸ್ಟೇಷನ್ ಹೊರಗೆ ‘ಒಳ್ಳೇ ರೂಮ್ ತೋರಿಸ್ತೀನಿ ಬನ್ನಿ ಸಾರ್’ ಅನ್ನುವ ಆಟೊದವರ ಕಮಿಷನ್ನೂ ನಿಮ್ಮ ಬಾಡಿಗೆಯಲ್ಲೇ ಸೇರುತ್ತದೆ.

ನಿಮ್ಮ ಪ್ರವಾಸ ದಸರೆ ದಿನಗಳಿಗೆ ಬಿದ್ದರೆ ಮಾತ್ರ ಮೇಲಿನದ್ಯಾವುದನ್ನೂ ನಂಬಿ ಹೊರಡಬೇಡಿ. ಆಗ ಬಾಡಿಗೆ ಎರಡು ಮೂರು ಪಟ್ಟಾಗುತ್ತದೆ, 24 ಗಂಟೆಯ ಬೋರ್ಡ್ ಇದ್ದವರೂ ತಮಗೆ ಬೇಕಾದ ಲೆಕ್ಕ ಹೇಳುತ್ತಾರೆ, ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಬ್ಯಾಗ್ ಹಿಡಿದು ದಾಟುವುದೂ ಕಷ್ಟ. ಆ ಹೊತ್ತಿಗೆ ಶ್ರೀರಂಗಪಟ್ಟಣದಲ್ಲೋ ಮಂಡ್ಯದಲ್ಲೋ ರೂಮ್ ಹಿಡಿದು ರೈಲಿನಲ್ಲಿ ಬಂದುಹೋಗುವುದು ಒಳ್ಳೆಯದು.