ಆಂಥೂರಿಯಂ: ಹೂ ಬೇಕಿದ್ದರೆ ಮೊದಲು ಎಲೆ ನೋಡಿ

ಆಂಥೂರಿಯಂ ನೆರಳಿನ ಗಿಡ ಅಂತ ಎಲ್ಲರೂ ಹೇಳುತ್ತಾರೆ. ಅದನ್ನೇ ನಂಬಿ ಗಿಡ ತಂದು ಹಾಲ್‌ನಲ್ಲಿ ಟಿವಿ ಪಕ್ಕ ಇಡುತ್ತಾರೆ. ಎಲೆ ಹಸಿರಾಗಿ ಹೊಳೆಯುತ್ತಾ ಇರುತ್ತದೆ, ಹೂ ಮಾತ್ರ ನಾಪತ್ತೆ. ಆಮೇಲೆ ನರ್ಸರಿಯವರನ್ನು ಬೈಯುವುದು. ತೋಟಗಾರಿಕೆ ಓದುತ್ತಿರುವ ನಾವಾದರೂ ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳೋಣ ಅಂತ ಈ ಟಿಪ್ಪಣಿ.

ಮೊದಲು ಗಿಡದ ಲೆಕ್ಕ. ಬೆಳೆದ ಆಂಥೂರಿಯಂನಲ್ಲಿ ಪ್ರತಿ ಎಲೆಯ ಕಂಕುಳಲ್ಲೂ, ಅಂದರೆ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ, ಒಂದು ಹೂಮೊಗ್ಗು ಇರುತ್ತದೆ. ಒಂದು ಎಲೆಗೆ ಒಂದು ಹೂ, ಅಷ್ಟೇ. ಎಲೆ ಬೇಗ ಬೇಗ ಬಂದರೆ ಹೂವೂ ಬೇಗ ಬರುತ್ತದೆ, ಎಲೆ ನಿಂತರೆ ಹೂವೂ ನಿಂತಿತು. ಚಿಕ್ಕ ಸಸಿಯಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಹೂಮೊಗ್ಗಿನ ಜಾಗದಲ್ಲಿ ಚಿಗುರಿನ ಮೊಗ್ಗಿರುತ್ತದೆ. ಹಾಗಾಗಿ ಸಣ್ಣ ಗಿಡ ತಂದು ಹೂ ಬರಲಿಲ್ಲ ಅಂತ ಕೊರಗಬೇಡಿ. ದೊಡ್ಡ ಗಿಡ, ಎಲೆ ಮೇಲೆ ಎಲೆ ಬರುತ್ತಿದೆ, ಆದರೂ ಹೂ ಇಲ್ಲ ಅಂದರೆ ಹೆಚ್ಚಾಗಿ ಬೆಳಕು ಸಾಲದೆ ಮೊಗ್ಗು ಎಳೆಯದರಲ್ಲೇ ಒಣಗಿಹೋಗುತ್ತಿದೆ ಅಂತ ಅರ್ಥ.

ಹಾಗಾದರೆ ಎಷ್ಟು ಬೆಳಕು? ಹೂವಿಗಾಗಿ ಬೆಳೆಯುವವರು ಸಾಮಾನ್ಯವಾಗಿ 75 ಶೇಕಡಾ ನೆರಳಿನ ಪರದೆ ಕಟ್ಟುತ್ತಾರೆ. ಅಂದರೆ ಬಿಸಿಲಿನ ಕಾಲು ಭಾಗ ಗಿಡಕ್ಕೆ ಸಿಗುತ್ತದೆ. ಆ ಕಾಲು ಭಾಗದ ಬಿಸಿಲು ಹಾಲ್‌ನ ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಅನ್ನುವುದನ್ನು ಮರೆತೇಬಿಡುತ್ತೇವೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಪೂರ್ವದ ಬಾಲ್ಕನಿ ಒಳ್ಳೆಯದು, ಬೆಳಗಿನ ಎಳೆ ಬಿಸಿಲು ಬಿದ್ದು ಹತ್ತು ಗಂಟೆ ಹೊತ್ತಿಗೆ ನೆರಳಾಗಬೇಕು. ಪಶ್ಚಿಮದ ಬಾಲ್ಕನಿ ಆದರೆ ಪರದೆ ಬೇಕೇ ಬೇಕು, ಇಲ್ಲದಿದ್ದರೆ ಮಾರ್ಚ್ ತಿಂಗಳ ಮಧ್ಯಾಹ್ನ ಎಲೆಯ ಮಧ್ಯದಲ್ಲಿ ಒಣ ಹುಲ್ಲಿನ ಬಣ್ಣದ ಸುಟ್ಟ ಕಲೆ ಬೀಳುತ್ತದೆ. ಎಲೆ ತೀರಾ ಕಡುಹಸಿರಾಗಿ, ತೊಟ್ಟು ಉದ್ದುದ್ದ ಎಳೆದುಕೊಂಡು ಬೆಳಕಿನ ಕಡೆ ವಾಲಿದರೆ ನೆರಳು ಜಾಸ್ತಿಯಾಗಿದೆ. ಮಾಸಲು ಹಳದಿಗೆ ತಿರುಗಿದರೆ ಬಿಸಿಲು ಜಾಸ್ತಿ. ಮೀಟರ್ ಏನೂ ಬೇಡ, ಎಲೆಯೇ ಹೇಳುತ್ತದೆ.

ಈಗ ಹೂ. ಆ ಕೆಂಪು, ಮೇಣ ಹಚ್ಚಿದಂತೆ ಮಿನುಗುವ ಭಾಗ ಹೂವಲ್ಲ, ಬಣ್ಣ ಬಂದ ಎಲೆ, ಅದನ್ನು ಸ್ಪೇಥ್ ಅನ್ನುತ್ತಾರೆ. ನಿಜವಾದ ಹೂಗಳು ಮಧ್ಯದ ಕಡ್ಡಿಯ ಮೇಲೆ, ಅಂದರೆ ಸ್ಪ್ಯಾಡಿಕ್ಸ್ ಮೇಲೆ, ಒತ್ತೊತ್ತಾಗಿ ಕೂತಿರುತ್ತವೆ. ಭೂತಗನ್ನಡಿ ಹಿಡಿದು ನೋಡಿ, ತುಂಬಾ ಚೆನ್ನಾಗಿದೆ. ಪ್ರತಿ ಪುಟ್ಟ ಹೂವಿನಲ್ಲೂ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ, ಆದರೆ ಮೊದಲು ಎಚ್ಚರವಾಗುವುದು ಹೆಣ್ಣು ಭಾಗ. ಆಗ ಕಡ್ಡಿಯ ಮೇಲೆ ಅಂಟಂಟಾದ ಸಣ್ಣ ಹನಿಗಳು ಕಾಣುತ್ತವೆ. ಅದು ಒಣಗಿದ ಮೇಲೆ ಪರಾಗ ಬರುತ್ತದೆ, ಬೆರಳಿಗೆ ಪುಡಿ ಹತ್ತುತ್ತದೆ. ಎರಡೂ ಒಂದೇ ಸಲ ಇರದ ಕಾರಣ ತನ್ನದೇ ಪರಾಗದಿಂದ ಕಾಯಿ ಕಟ್ಟುವುದು ಅಪರೂಪ. ಹೂಗಳು ಕೆಳಗಿನಿಂದ ಮೇಲಕ್ಕೆ ಬಲಿಯುತ್ತಾ ಹೋಗುವುದರಿಂದ ಕಡ್ಡಿಯ ಬಣ್ಣವೂ ಬುಡದಿಂದ ತುದಿಗೆ ಬದಲಾಗುತ್ತದೆ. ಹೂ ಕೀಳುವ ಹದ ಗೊತ್ತಾಗುವುದು ಇದರಿಂದಲೇ. ಕಡ್ಡಿಯ ಮುಕ್ಕಾಲು ಭಾಗ ಬಣ್ಣ ಬದಲಿಸಿದ ಮೇಲೆ ಕತ್ತರಿಸಿ. ಅವಸರ ಪಟ್ಟರೆ ಹೂದಾನಿಯಲ್ಲಿ ಕುತ್ತಿಗೆ ಬಾಗಿಸುತ್ತದೆ.

ಚರಿತ್ರೆ ಪರೀಕ್ಷೆಗೆ ಬೇಕಾದಷ್ಟು ಮಾತ್ರ. ಮೂಲ ಕೊಲಂಬಿಯಾ ಮತ್ತು ಈಕ್ವೆಡಾರ್‌ನ ಕಾಡು. 1876ರಲ್ಲಿ ಎಡ್ವರ್ಡ್ ಆಂದ್ರೆ ಎಂಬ ಫ್ರೆಂಚ್ ಸಸ್ಯಪ್ರೇಮಿ ಇದನ್ನು ಯುರೋಪಿಗೆ ಪರಿಚಯಿಸಿದರು, ವೈಜ್ಞಾನಿಕ ಹೆಸರಿನಲ್ಲಿರುವ ಆಂಡ್ರಿಯಾನಮ್ ಅವರ ಹೆಸರಿನಿಂದಲೇ ಬಂದದ್ದು. 1889ರಲ್ಲಿ ಹವಾಯಿಗೆ ಹೋಯಿತು. ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದೂ ಅದೇ ವರ್ಷ. ನೆನಪಿಟ್ಟುಕೊಳ್ಳಲು ಸುಲಭ, ಅಲ್ವಾ?

ಕಾಡಿನಲ್ಲಿ ಇದು ಮರದ ಕೊಂಬೆಗೆ ಅಂಟಿಕೊಂಡೂ ಬೆಳೆಯುತ್ತದೆ, ದಪ್ಪ ಬೇರು ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಅಂಥ ಬೇರನ್ನು ನಮ್ಮ ಕೆಮ್ಮಣ್ಣಿನಲ್ಲಿ ಹೂತರೆ ಉಸಿರು ಕಟ್ಟಿ ಕೊಳೆಯುತ್ತದೆ. ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿಗಳಲ್ಲಿ ಸಿಗುವ ತೆಂಗಿನ ಸಿಪ್ಪೆ ಚೂರು, ಇದ್ದಿಲು, ಇಟ್ಟಿಗೆ ಚೂರು, ಜೊತೆಗೆ ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಒಂದು ಚೊಂಬು ನೀರು ಹಾಕಿದರೆ ಕುಂಡದ ತಳದಿಂದ ತಕ್ಷಣ ಹರಿದು ಬರಬೇಕು.

ಕೋಕೋಪೀಟ್ ವಿಷಯದಲ್ಲಿ ಒಂದು ಮಾತು. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ, ಎರಡು ಮೂರು ಸಲ ನೆನೆಸಿ ಹಿಂಡಿ ಬಳಸಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ ಕೂಡ, ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾದರೆ ಸ್ಪೇಥ್‌ನ ಅಂಚು ಕಂದಾಗಿ ಕೆಡುತ್ತದೆ. ಆಗ ಬರೀ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಸುರಿದು ಪ್ರಯೋಜನ ಇಲ್ಲ, ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಬೇರೆಯಾಗಿ, ಬೇರೆ ದಿನ ಕೊಡಿ. ಯಾವುದೇ ಗೊಬ್ಬರ ಆದರೂ ಲೀಟರಿಗೆ ಒಂದು ಗ್ರಾಂ ದಾಟಬೇಡಿ. ಬೋರ್‌ವೆಲ್ ನೀರು ಹಾಕುವವರ ಕುಂಡದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಮಳೆ ನೀರು ಹಿಡಿದಿಟ್ಟು ಆಗಾಗ ತೊಳೆದರೆ ಹೋಗುತ್ತದೆ.

ಬೆಂಗಳೂರಿನ ಹವೆ ಇದಕ್ಕೆ ಸುಮಾರಾಗಿ ಒಗ್ಗುತ್ತದೆ, ತಕರಾರು ಬರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಗಾಳಿಯಲ್ಲಿ. ಕುಂಡಗಳನ್ನು ಒಟ್ಟಿಗೆ ಇಡಿ, ಕೆಳಗೆ ನೀರು ಮತ್ತು ಜಲ್ಲಿ ತುಂಬಿದ ತಟ್ಟೆ ಇಡಿ. ಕುಂಡದ ತಳ ನೀರಿಗೆ ತಾಗಬಾರದು. ಸಂಜೆ ಎಲೆ ಮೇಲೆ ನೀರು ಚಿಮುಕಿಸುವ ಅಭ್ಯಾಸ ಬಿಡಿ. ಯಾಕೆ ಅಂದರೆ ಇದರ ದೊಡ್ಡ ಶತ್ರು ಬ್ಯಾಕ್ಟೀರಿಯಾದ ಬ್ಲೈಟ್ ರೋಗ, 1980ರ ದಶಕದಲ್ಲಿ ಹವಾಯಿಯ ಬೆಳೆಗಾರರನ್ನು ಹಣಿದು ಹಾಕಿದ್ದು ಇದೇ. ಬೆಳಗಿನ ಜಾವ ಎಲೆಯ ಅಂಚಿನಲ್ಲಿ ಸಾಲಾಗಿ ಹನಿ ನಿಂತಿರುವುದನ್ನು ನೋಡಿದ್ದೀರಾ? ಆ ಹನಿ ಹೊರಬರುವ ಸಣ್ಣ ರಂಧ್ರದಿಂದಲೇ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. ಅದಕ್ಕೇ ಕಲೆ ಶುರುವಾಗುವುದು ಸಾಮಾನ್ಯವಾಗಿ ಅಂಚಿನಲ್ಲಿ: ಎಲೆಯ ಹಿಂಬದಿ ನೀರು ನೆನೆದ ಹಾಗೆ ಕಂಡು, ಆಮೇಲೆ ಕಂದು, ಸುತ್ತ ಹಳದಿ ಅಂಚು. ಔಷಧಿಯಿಂದ ವಾಸಿಯಾಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಗಿಡ ಕಿತ್ತು ಬಿಸಾಡಿ, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್‌ನಲ್ಲಿ ಒರೆಸಿ.

ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯವರು ಗಮನಿಸಿ. ಇದು ಕೆಸು, ಸುವರ್ಣಗೆಡ್ಡೆಯ ಕುಟುಂಬದ್ದು. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇದರಲ್ಲೂ ಇದೆ. ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ.

ವರ್ಷ ಕಳೆದಂತೆ ಕೆಳಗಿನ ಎಲೆ ಉದುರಿ ಕಾಂಡ ಬೋಳಾಗಿ ಮೇಲಕ್ಕೆ ಹೋಗುತ್ತದೆ, ಗಿಡ ಅಲ್ಲಾಡುತ್ತದೆ. ಕಾಂಡದ ಮೇಲೆ ಎರಡು ಮೂರು ಗಾಳಿ ಬೇರು ಬಂದಿದ್ದರೆ ಅದರ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ಹೊಸ ಕುಂಡದಲ್ಲಿ ಕೂರಿಸಿ. ಜೂನ್ ಮಳೆ ಶುರುವಾದ ಮೇಲೆ ಮಾಡಿದರೆ ಬೇರು ಬೇಗ ಹಿಡಿಯುತ್ತದೆ. ಹಳೆ ಕುಂಡದಲ್ಲಿ ಉಳಿದ ಮೋಟು ಕಾಂಡವನ್ನು ಎಸೆಯಬೇಡಿ, ನೀರು ಕಡಿಮೆ ಮಾಡಿ ಅಲ್ಲೇ ಬಿಟ್ಟರೆ ಪಕ್ಕದಿಂದ ಮರಿ ಬರುತ್ತದೆ.